ಟೈಲರಣ್ಣನ ಕ್ಲಚ್ಚು

"ಸಂಜೆಯೊಳಗೆ ಕಾರನ್ನ ಏರು ಹತ್ತಿಸಿ ಮನೆ ಬಾಗಿಲಿಗೆ ತಂದ್ರೋ ಸರಿ. ಇಲ್ಲಾಂದ್ರೆ ನನ್ನ ತಮ್ಮನಿಗೆ ಕೊಟ್ಬಿಡ್ತೀನಿ. ನಮ್ಮಪ್ಪನ ಕಾರು, ನನ್ನಿಷ್ಟ!"

ಹೆಂಡತಿ ಕಾಫಿ ಲೋಟ ಕುಕ್ಕಿ ಹೀಗಂದಾಗಲೇ ಟೈಲರಣ್ಣನ ಗ್ರಹಚಾರ ಶುರುವಾಯಿತು. ಕಾರು ಇಳಿಜಾರಿನಲ್ಲಿ ಹೇಗೋ ಉರುಳಿ ಬಂದು ಅವನ ಅಂಗಡಿ ಮುಂದೆ ವಾರದಿಂದ ಬಿದ್ದಿತ್ತು. ಪರರ ಪಾಲಾಗುವುದೆಂದರೆ, ಅದರಲ್ಲೂ ಆ ಸೋಮಾರಿ ಭಾವಮೈದನ ಪಾಲಾಗುವುದೆಂದರೆ ಅವನಿಗೆ ಹೊಟ್ಟೆಯಲ್ಲಿ ಬೆಂಕಿ.

ಆದರೆ ಅರವತ್ತು ಹತ್ತಿರವಾದ ಅವನ ಕಾಲಿಗೆ ಬರುತ್ತಿದ್ದುದು ಒಂದೇ ವಿದ್ಯೆ, ಹೊಲಿಗೆ ಯಂತ್ರ ತುಳಿಯುವುದು. ಕ್ಲಚ್ಚು, ಆಕ್ಸಿಲರೇಟರ್ ಎರಡನ್ನೂ ಅದೇ ತಾಳದಲ್ಲಿ ತುಳಿದ. ಕಾರು ಬಿಕ್ಕಳಿಕೆ ಹಿಡಿದ ಎಮ್ಮೆಯ ಹಾಗೆ ಕುಪ್ಪಳಿಸಿ, ಏರಿನ ಅರ್ಧದಲ್ಲಿ ಉಸಿರು ಬಿಟ್ಟು, ಹಿಂದಕ್ಕೆ ಜಾರತೊಡಗಿತು.

"ಕ್ಲಚ್ ಬಿಡಯ್ಯಾ!" ಅಂದರು ಸೈಕಲ್ ಬಿಟ್ಟರೆ ಬೇರೇನೂ ಓಡಿಸದ ನಿವೃತ್ತ ಹೆಡ್‌ಮೇಷ್ಟ್ರು.

"ಬಿಡ್ಬೇಡಣ್ಣೋ, ಒತ್ತು!" ಕತ್ತಿ ಹಿಡಿದೇ ಓಡಿಬಂದ ಕ್ಷೌರದಂಗಡಿಯವನು.

"ಏನಾದ್ರೂ ಮಾಡ್ಕೊಳ್ಳಿ, ಮೊದ್ಲು ನನ್ನ ಇನ್ನೊಂದು ಕೆನ್ನೆ ಮುಗಿಸಪ್ಪಾ!" ಅಂದ ಅವನ ಹಿಂದೆಯೇ ಬಂದ ಅರ್ಧಗಡ್ಡದ ಗಿರಾಕಿ.

ಟೈಲರಣ್ಣ ಎಲ್ಲರ ಮಾತನ್ನೂ ಒಟ್ಟಿಗೆ ಕೇಳಿದ. ಕಾರು ಹೋಗಿ ಕ್ಷೌರದಂಗಡಿಯ ಬೆಂಚನ್ನು ಮಲಗಿಸಿ ನಿಂತಿತು.

"ನನ್ನ ಬೆಂಚು!"

"ಬೆಂಚಿಗೆ ಬದಲು ನಿನಗೊಂದು ಷರ್ಟು ಹೊಲಿದುಕೊಡ್ತೀನಿ, ಬಾಯ್ಮುಚ್ಚು ಮಾರಾಯ."

ರೋಸಿಹೋದ ಟೈಲರಣ್ಣ ಚಪ್ಪಲಿ ಕಳಚಿ ಹಿಂದಿನ ಸೀಟಿಗೆಸೆದ. ಬರಿಗಾಲು. ರೇಷ್ಮೆ ಹೊಲಿಯುವಾಗ ಪಾದ ಎತ್ತುವಷ್ಟೇ ನಾಜೂಕಾಗಿ ಕ್ಲಚ್ಚಿನಿಂದ ಕಾಲು ಎತ್ತುತ್ತಾ ಬಂದ. ಕಾರು ಒಮ್ಮೆ ನಡುಗಿತು, ಗುರ್ರೆಂದಿತು, ಹತ್ತಿತು! ಬೀದಿಯೆಲ್ಲ ಚಪ್ಪಾಳೆ. ಅರ್ಧಗಡ್ಡದವನೂ ಕುಣಿದ.

ಮನೆ ಬಾಗಿಲಲ್ಲಿ ಹೆಂಡತಿ, ಪಕ್ಕದಲ್ಲಿ ಭಾವಮೈದ. ಟೈಲರಣ್ಣ ಮೀಸೆ ತಿರುವುತ್ತಾ ಇಳಿದ.

"ಕಾರು ನಂದೇ ಅಲ್ವೇನೇ?"

"ನಿಮ್ದೇ ರೀ, ಇನ್ನೇನು!"

ಸೋತ ಭಾವಮೈದ ಮುಖ ಸಪ್ಪೆ ಮಾಡಬೇಕಿತ್ತು. ಅವನೋ ಓಡಿಬಂದು ತಬ್ಬಿಕೊಂಡ. "ಬದುಕಿಸಿದ್ರಿ ಭಾವಾ! ಆಫೀಸಿಗೆ ಬಸ್ಸಲ್ಲಿ ನೇತಾಡಿ ಸಾಕಾಗಿತ್ತು. ನಂಗೆ ಗೇರು ಅಂದ್ರೇ ಕೈಕಾಲು ನಡುಗುತ್ತೆ. ಅದಕ್ಕೇ ಅಕ್ಕ ಅಂದಿದ್ಲು, 'ಇರು, ಕಾರು ನಿಂಗೆ ಕೊಡ್ತೀನಿ ಅಂತ ಹೆದರಿಸ್ತೀನಿ, ನಿಮ್ಮ ಭಾವ ಒಂದೇ ದಿನಕ್ಕೆ ಕಲೀತಾರೆ' ಅಂತ."

ಟೈಲರಣ್ಣ ಹೆಂಡತಿಯ ಕಡೆ ನೋಡಿದ. ಅವಳು ಸೆರಗಿನಿಂದ ಕಾರಿನ ಗಾಜು ಒರೆಸುತ್ತಿದ್ದಳು.

ಭಾವಮೈದ ಆಗಲೇ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ನೋಡುತ್ತಿದ್ದ. "ಆರಾಮಾಗಿದೆ ಭಾವಾ. ನಾಳೆ ಬೆಳಿಗ್ಗೆ ನಮ್ಮನೆ ಮುಂದೆ ಒಂದು ಹಾರ್ನ್ ಹೊಡೀರಿ ಸಾಕು, ಬಂದ್ಬಿಡ್ತೀನಿ."