ಐದು ದೇಶ, ಒಂದು ಬಕೆಟ್ಟು

ಅಶ್ವತ್ಥನ ಕಷ್ಟಕ್ಕೆಲ್ಲ ಮೂಲ ಒಂದು ನೆಲ ಒರೆಸುವ ಬಕೆಟ್ಟು. ಎಸ್ಟೋನಿಯಾ ದೇಶದ ಟಾಲಿನ್ ಎಂಬ ಊರಿನ ಹೋಟೆಲಿನ ಪ್ಯಾಸೇಜಿನಲ್ಲಿ, ಪಕ್ಕಕ್ಕೊಂದು ಕೋಲು ಒರಗಿಸಿಕೊಂಡು, ಅದು ತನ್ನ ಪಾಡಿಗೆ ತಾನು ಕೂತಿತ್ತು. ಚಿಪ್ಸ್ ಪೊಟ್ಟಣ ಹಿಡಿದು ರೂಮಿಗೆ ಓಡುತ್ತಿದ್ದ ಅಶ್ವತ್ಥ ಅದಕ್ಕೆ ಎಡವಿ ಬಿದ್ದ. ಹೋಟೆಲಿನವರಿಗೆ ದೂರು ಕೊಡೋಣವೆಂದು ಅದರ ಫೋಟೋ ತೆಗೆದ. ತೆಗೆದದ್ದೇನೋ ಸರಿ, ಅವಸರದಲ್ಲಿ ಕಳಿಸಿದ್ದು ಹೆಂಡತಿ ವಸಂತಲಕ್ಷ್ಮಿಗೆ.

ತಕ್ಷಣ ಸಿಯಾಟಲ್ ಪಕ್ಕದ ಲಿನ್‌ವುಡ್ಡಿನ ಮನೆಯಿಂದ ಉತ್ತರ ಬಂತು: "ಅಬ್ಬಾ, ಎಂಥಾ ಕಲಾಕೃತಿ ರೀ! ದುಡಿಯೋರ ಮೌನ ಹೇಗೆ ಮಾತಾಡ್ತಿದೆ ನೋಡಿ! ಇಂಥವು ಇನ್ನೂ ಕಳಿಸಿ."

ಅಶ್ವತ್ಥ ಬಕೆಟ್ಟನ್ನು ಇನ್ನೊಮ್ಮೆ ನೋಡಿದ. ಅವನಿಗೆ ಯಾವ ಮೌನವೂ ಕೇಳಿಸಲಿಲ್ಲ. ಆದರೆ ತನ್ನ ಪ್ರವಾಸ ಇನ್ನು ಮುಂದೆ ಬಹಳ ಸುಲಭವಾಯಿತು ಎಂಬುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಮಗಳು ಕಾಲೇಜಿಗೆಂದು ಮನೆ ಬಿಟ್ಟ ಮೇಲೆ ವಸಂತಲಕ್ಷ್ಮಿಯನ್ನು ಸಮಕಾಲೀನ ಕಲೆ ಹಿಡಿದುಕೊಂಡಿತ್ತು. ಪ್ಯಾರಿಸ್ಸಿಗೆ ಯಾರು ಬೇಕಾದರೂ ಹೋಗುತ್ತಾರೆ, ನಾವು ಯಾರೂ ಹೋಗದ ಪುಟ್ಟ ದೇಶಗಳಿಗೆ ಹೋಗೋಣ ಎಂದು ಅವಳು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಸ್ಲೊವೇನಿಯಾ, ಲಕ್ಸೆಂಬರ್ಗ್‌ಗಳ ಮ್ಯೂಸಿಯಂಗಳನ್ನೆಲ್ಲ ಜೋಡಿಸಿ ಪ್ರವಾಸ ಹೆಣೆದಿದ್ದಳು. ಹೊರಡುವ ವಾರ ಬಂದರೂ ನವೀಕರಣಕ್ಕೆ ಹೋಗಿದ್ದ ಅವಳ ಪಾಸ್‌ಪೋರ್ಟ್ ಬರಲಿಲ್ಲ. "ನೀವಾದ್ರೂ ಹೋಗಿ ಬನ್ನಿ. ಒಂದೂ ಬಿಡದೆ ನೋಡಿ ಬಂದು ನನಗೆ ವಿವರವಾಗಿ ಹೇಳಿದ್ರೆ, ಡಿಸೆಂಬರಲ್ಲಿ ನಿಮ್ಮ ಮೆಲ್ಬರ್ನ್ ಟೆಸ್ಟ್ ಮ್ಯಾಚಿಗೆ ನಾನು ಅಡ್ಡ ಬರಲ್ಲ" ಎಂದಿದ್ದಳು. ಮೆಲ್ಬರ್ನ್ ಮೈದಾನದಲ್ಲಿ ಕೂತು ಭಾರತದ ಆಟ ನೋಡಬೇಕೆಂಬುದು ಅಶ್ವತ್ಥನಿಗೆ ಮೀಸೆ ಮೂಡುವ ಮುಂಚಿನಿಂದ ಇದ್ದ ಆಸೆ. ಅದಕ್ಕಾಗಿ ಅವನು ಐದಲ್ಲ, ಐವತ್ತು ದೇಶದ ಕಲೆ ನೋಡಲು ಸಿದ್ಧನಿದ್ದ.

ಮೊದಲ ದಿನ ಪ್ರಾಮಾಣಿಕವಾಗಿಯೇ ಮ್ಯೂಸಿಯಂಗೆ ಹೋದ. ಒಳಗೆ ಒಂದು ಕತ್ತಲೆ ಕೋಣೆ, ನಡುವೆ ಉಪ್ಪಿನ ಗುಡ್ಡೆ, ಎಲ್ಲಿಂದಲೋ ಒಬ್ಬ ಹೆಂಗಸು ಗೊಣಗುವ ದನಿ. ಪಕ್ಕದಲ್ಲಿ ಒಂದು ಬೆಂಚಿತ್ತು. ಅಶ್ವತ್ಥ ಕೂತ, ಒರಗಿದ, ನಿದ್ದೆ ಹೋದ. ಎಚ್ಚರವಾದಾಗ ನಾಲ್ಕಾರು ಜನ ಉಪ್ಪನ್ನು ಬಿಟ್ಟು ಅವನ ಫೋಟೋ ತೆಗೆಯುತ್ತಿದ್ದರು. ಅಲ್ಲಿಗೆ ಅವನ ಕಲಾದರ್ಶನ ಮುಗಿಯಿತು. ಅದೂ ಅಲ್ಲದೆ ಅದು ಐಪಿಎಲ್ ಕಾಲ. ಸಿಯಾಟಲ್ ಕಡೆ ಬೆಳಗಾಗೆದ್ದು, ಹಲ್ಲುಜ್ಜುತ್ತ ನೋಡಬೇಕಾದ ಪಂದ್ಯ ಯುರೋಪಿನಲ್ಲಿ ಸಂಜೆಯ ಹೊತ್ತಿಗೆ ಸರಿಯಾಗಿ ಬರುತ್ತದೆ. ಬೆಳಗ್ಗೆ ಮ್ಯೂಸಿಯಂ ನೋಡಬಹುದಿತ್ತಲ್ಲ ಎನ್ನುವವರಿಗೆ ಪಂದ್ಯಕ್ಕೆ ಮುಂಚಿನ ಚರ್ಚೆ, ಅದಕ್ಕೂ ಮುಂಚಿನ ನಿದ್ದೆ, ಇವುಗಳ ಮಹತ್ವ ತಿಳಿದಿಲ್ಲವೆಂದೇ ಹೇಳಬೇಕು.

ಹೀಗಾಗಿ ಲಾಟ್ವಿಯಾದ ಹೋಟೆಲಿನ ಹೀಟರಿನ ಮೇಲೆ ಒಣಗಲು ಹಾಕಿದ್ದ ಅವನದೇ ಬನಿಯನ್ನು, ಲಿಥುವೇನಿಯಾದಲ್ಲಿ ಕೆಟ್ಟು ಟೇಪು ಸುತ್ತಿಸಿಕೊಂಡ ಲಿಫ್ಟು, ಎಲ್ಲವೂ ಒಂದೊಂದಾಗಿ ಸಮಕಾಲೀನ ಕಲೆಯಾದವು. ಪ್ರತಿಯೊಂದಕ್ಕೂ ವಸಂತಲಕ್ಷ್ಮಿ ಅಬ್ಬಾ ಎಂದಳು.

ವಾಪಸು ಬಂದು ಕೆಲವು ವಾರ ಎಲ್ಲ ಚೆನ್ನಾಗಿತ್ತು. ಒಂದು ಶನಿವಾರ ಬೆಳಗ್ಗೆ ಕಾಫಿ ಕೊಡುತ್ತ ವಸಂತಲಕ್ಷ್ಮಿ, "ರೀ, ಮಧ್ಯಾಹ್ನ ಮರ್ಸರ್ ಐಲ್ಯಾಂಡಲ್ಲಿ ಶೆರಿಲ್ ಮನೆ ಪಾಟ್‌ಲಕ್. ನೆನಪಿದೆ ತಾನೆ?" ಎಂದಳು.

"ಇದೆ. ಎಲ್ಲರೂ ಒಂದೊಂದು ಅಡುಗೆ ತರ್ಬೇಕು, ನಮ್ಮದು ಮೊಸರನ್ನ."

"ಮೊಸರನ್ನ ನಂದು. ಭಾಷಣ ನಿಮ್ದು."

"ಯಾವ ಭಾಷಣ?"

"ನಿಮ್ಮ ಯುರೋಪ್ ಮ್ಯೂಸಿಯಂಗಳದ್ದು. ದೊಡ್ಡ ಟೀವಿ ಮೇಲೆ ಫೋಟೋ ಹಾಕಿ ಒಂದೊಂದನ್ನೂ ವಿವರಿಸಬೇಕಂತೆ. ಶೆರಿಲ್ ಹೋದ ವರ್ಷ ಅವೇ ಮ್ಯೂಸಿಯಂಗಳನ್ನ ನೋಡ್ಕೊಂಡು ಬಂದು ಇದೇ ಥರ ಮಾತಾಡಿದ್ಲಲ್ಲ, ಅವಳಿಗಂತೂ ತುಂಬಾ ಕುತೂಹಲ."

ಅಶ್ವತ್ಥನ ಬಾಯಲ್ಲಿದ್ದ ಕಾಫಿ ಒಳಗೂ ಹೋಗದೆ ಹೊರಗೂ ಬರದೆ ನಿಂತಿತು. ಮೆಲ್ಬರ್ನ್ ಮೈದಾನ ಕಣ್ಣೆದುರೇ ಖಾಲಿಯಾಗತೊಡಗಿತು.

"ವಸಂತಾ, ಯಾಕೋ ಮೈ ಬಿಸಿ ಇದೆ ನೋಡು."

ಅವಳು ಹಣೆ ಮುಟ್ಟಿದಳು. "ಸೌತೆಕಾಯಿ ಹಾಗೆ ತಣ್ಣಗಿದೆ. ಸ್ನಾನ ಮಾಡಿ ಹೊರಡಿ."

ಜ್ವರ ಕೈಕೊಟ್ಟ ಮೇಲೆ ಅಶ್ವತ್ಥನಿಗೆ ಇನ್ನೊಂದು ಉಪಾಯ ಹೊಳೆಯಿತು. ಫೋನನ್ನು ಕೊಳೆಬಟ್ಟೆ ಬುಟ್ಟಿಯ ತಳದಲ್ಲಿ ತುರುಕಿ, ಸ್ನಾನ ಮುಗಿಸಿ ಬಂದು, "ಅಯ್ಯಯ್ಯೋ, ಫೋನೇ ಕಾಣ್ತಿಲ್ಲ! ಎಲ್ಲಾ ಫೋಟೋ ಅದ್ರಲ್ಲೇ ಇತ್ತು!" ಎಂದು ಬೊಬ್ಬೆ ಹಾಕಿದ.

"ಗಾಬರಿ ಆಗ್ಬೇಡಿ. ನೀವು ಕಳ್ಸಿದ್ದೆಲ್ಲ ನನ್ನ ಫೋನಲ್ಲಿದೆ" ಎಂದಳು ವಸಂತಲಕ್ಷ್ಮಿ.

ಆಗ ಕೆಳಗಿನಿಂದ ವಾಷಿಂಗ್ ಮೆಷಿನ್ ಗುಡುಗುಡು ಎನ್ನುವುದು ಕೇಳಿಸಿತು. ಅಶ್ವತ್ಥ ಮೆಟ್ಟಿಲು ಹಾರಿಕೊಂಡು ಓಡಿದ. ಬುಟ್ಟಿ ಖಾಲಿಯಾಗಿತ್ತು. ಮೆಷಿನ್ನಿನ ಗಾಜಿನಾಚೆ ಅವನ ಫೋನು, ಪ್ಯಾಂಟಿನ ಕಾಲಿನಿಂದ ಹೊರಬಂದು, ನೊರೆಯ ನಡುವೆ ಒಮ್ಮೆ ದರ್ಶನ ಕೊಟ್ಟು ಮರೆಯಾಯಿತು.

ದಾರಿಯಲ್ಲಿ ಟ್ರಾಫಿಕ್ ಜಾಮ್ ಆದರೂ ಆಗಲಿ ಎಂದು ಅವನು ಮನೆದೇವರನ್ನು ಬೇಡಿಕೊಂಡ. ವಾರವಿಡೀ ಕಾರುಗಳನ್ನು ಒಂದಕ್ಕೊಂದು ಅಂಟಿಸಿ ಗೋಳು ಹುಯ್ದುಕೊಳ್ಳುವ ಹೈವೇ ಅಂದು ಯಾರದೋ ಮದುವೆ ಮುಗಿದ ಛತ್ರದ ಹಾಗೆ ಬಿಕೋ ಎನ್ನುತ್ತಿತ್ತು. ಹೇಳಿದ ಹೊತ್ತಿಗೂ ಮುಂಚೆ ಅವರು ಮರ್ಸರ್ ಐಲ್ಯಾಂಡ್ ತಲುಪಿದರು.

ಬಾಗಿಲ ಬಳಿ ಚಪ್ಪಲಿ ರಾಶಿಯ ನಡುವೆ ಕಶ್ಯಪ್ ಸಿಕ್ಕಿದ. ಮೆಲ್ಬರ್ನ್‌ಗೆ ಅಶ್ವತ್ಥನ ಜೊತೆಗಾರ, ಬಕೆಟ್ಟಿನ ಗುಟ್ಟು ತಿಳಿದಿದ್ದ ಏಕೈಕ ಗೆಳೆಯ.

"ನಿನಗೆ ಎಷ್ಟು ಸಲ ಕಾಲ್ ಮಾಡೋದೋ?"

"ಫೋನ್ ಸ್ನಾನ ಮಾಡ್ತಿದೆ. ಈಗೇನ್ಮಾಡ್ಲೋ? ಶೆರಿಲ್ ಎಲ್ಲಾ ನೋಡ್ಕೊಂಡು ಬಂದಿದಾಳೆ. ಹಿಡಿದುಬಿಡ್ತಾಳೆ."

"ಯಾರಿಗೂ ಅರ್ಥ ಆಗದ ಹಾಗೆ ಮಾತಾಡು. ಅರ್ಥ ಆಗ್ಲಿಲ್ಲ ಅಂತ ಒಪ್ಕೊಳ್ಳೋ ಧೈರ್ಯ ಇಲ್ಲಿ ಯಾರಿಗೂ ಇಲ್ಲ" ಎಂದು ಕಶ್ಯಪ್ ಅವನ ಬೆನ್ನು ತಟ್ಟಿ ಒಳಗೆ ತಳ್ಳಿದ.

ಒಳಗೆ ಗೋಡೆ ತುಂಬುವ ಟೀವಿ. ಎದುರಿಗೆ ಬಿಸಿಬೇಳೆಬಾತಿನ ತಟ್ಟೆ ಹಿಡಿದ ಕನ್ನಡ ಸಂಘದವರು. ಮುಂದಿನ ಸೋಫಾದಲ್ಲಿ, ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಕಶ್ಯಪನ ತಾಯಿ ಅನಸೂಯಮ್ಮ, ಜೊತೆಗೆ ಸೊಸೆ ಸುಪ್ರಿಯಾ. ಅವರ ಪಕ್ಕದಲ್ಲಿ ಶೆರಿಲ್, ಅವಳ ಗಂಡ ರೊನಾಲ್ಡ್. ಮಂಗಳೂರಿನವರಾದ ಇವರಿಬ್ಬರೂ ಊರಿನ ಗ್ಯಾಲರಿಗಳಲ್ಲಿ ಯಾವ ಪ್ರದರ್ಶನ ನಡೆದರೂ ಮೊದಲ ಸಾಲಿನಲ್ಲಿರುವವರೆಂದು ಹೆಸರಾಗಿದ್ದರು.

ಟೀವಿಯ ಮೇಲೆ ಬಕೆಟ್ಟು ಬಂತು. ಅಷ್ಟು ದೊಡ್ಡದಾಗಿ ನೋಡಿದಾಗ ಅದು ಇನ್ನೂ ಹೆಚ್ಚು ಬಕೆಟ್ಟಿನಂತೆಯೇ ಕಂಡಿತು.

"ಇಲ್ಲಿ..." ಅಶ್ವತ್ಥ ಗಂಟಲು ಸರಿಮಾಡಿಕೊಂಡ. "ಇಲ್ಲಿ ನೀರಿಲ್ಲ. ನೀರಿಲ್ಲ ಅನ್ನೋದೇ ಇಲ್ಲಿರೋ ನೀರು."

ಹಿಂದಿನಿಂದ ಯಾರೋ "ವಾಹ್" ಎಂದರು. ಬೆಂಗಳೂರಿನ ಬೇಸಿಗೆ ಕಂಡವರಿಗೆ ಅದು ನಾಟಿದ್ದರಲ್ಲಿ ಆಶ್ಚರ್ಯವಿಲ್ಲ. ಧೈರ್ಯ ಬಂದ ಅಶ್ವತ್ಥ ಬನಿಯನ್ನಿಗೆ "ಮನುಷ್ಯ ಎದ್ದು ಹೋದ ಮೇಲೆ ಉಳಿಯುವ ಮನುಷ್ಯ" ಎಂದ. ಲಿಫ್ಟಿಗೆ "ಮೇಲೇರುವ ಆಸೆಗೆ ಹಾಕಿದ ಬ್ಯಾಂಡೇಜು" ಎಂದ. ಜನ ತಿನ್ನುವುದನ್ನು ಮರೆತರು. ಶೆರಿಲ್ ಮಾತ್ರ ತುಟಿಪಿಟಕ್ಕೆನ್ನದೆ ಪರದೆಯನ್ನೇ ದಿಟ್ಟಿಸುತ್ತಿದ್ದಳು. ಅವಳ ಕಡೆ ಕಣ್ಣು ಹೋದಾಗಲೆಲ್ಲ ಅಶ್ವತ್ಥ ಮುಖ ತಿರುಗಿಸಿ ಟೀವಿಯತ್ತ ಕೈ ತೋರಿಸುತ್ತಿದ್ದ.

ಮುಂದಿನ ಫೋಟೋ ಸ್ಲೊವೇನಿಯಾದ್ದು. ಬಿಳಿ ಟೈಲ್ಸ್ ಗೋಡೆ, ಬಿಳಿ ಪಿಂಗಾಣಿ ತೊಟ್ಟಿ, ಅದರ ಮೇಲೆ ಬೆಳಗಿನ ಬೆಳಕಿನಲ್ಲಿ ಮಿನುಗುವ ಒಂದು ನೀಲಿ ಪ್ಲಾಸ್ಟಿಕ್ ಮಗ್ಗು.

ಯುರೋಪಿನಲ್ಲಿ ಶೌಚಕ್ಕೆ ಕಾಗದವೇ ಗತಿ ಎಂದು ತಿಳಿದ ನಮ್ಮವರು ಪಾಸ್‌ಪೋರ್ಟ್ ಮರೆತರೂ ಇಂಥದೊಂದು ಮಗ್ಗನ್ನು ಮರೆಯುವುದಿಲ್ಲ. ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರ ಸೂಟ್‌ಕೇಸಿನಲ್ಲೂ ಅದು ಒಂದಲ್ಲ ಒಂದು ಸಲ ಪ್ರಯಾಣ ಮಾಡಿತ್ತು. ಇಂಥ ಜನರೆದುರು ಈ ಫೋಟೋ ಬಂದೀತೆಂದು ಕಳಿಸುವಾಗ ಅಶ್ವತ್ಥ ಕನಸಿನಲ್ಲೂ ಎಣಿಸಿರಲಿಲ್ಲ. ಯಾರೂ ಉಸಿರೆತ್ತಲಿಲ್ಲ. ಉಸಿರೆತ್ತಿದವರು ಅನಸೂಯಮ್ಮ.

"ಅಯ್ಯೋ, ಇದು ಕಕ್ಕಸುಮನೆ ಮಗ್ಗು ಅಲ್ವೇನಪ್ಪಾ?"

ಅಶ್ವತ್ಥನ ಬಳಿ ಅರ್ಥವಾಗದ ಮಾತುಗಳ ದಾಸ್ತಾನು ಪೂರ್ತಿ ಖಾಲಿಯಾಗಿತ್ತು. ಕಶ್ಯಪ್ ಮೊಸರನ್ನದ ಪಾತ್ರೆಯೊಳಗೆ ಏನನ್ನೋ ಹುಡುಕತೊಡಗಿದ. ಇನ್ನೇನು ಎಲ್ಲವನ್ನೂ ಒಪ್ಪಿಕೊಂಡುಬಿಡೋಣ ಎನ್ನುವಷ್ಟರಲ್ಲಿ ಶೆರಿಲ್ ಎದ್ದು ನಿಂತಳು.

"ನಾನಿದನ್ನು ಕಣ್ಣಾರೆ ನೋಡಿದ್ದೇನೆ ಮಾರಾಯ್ರೆ. ಮೇಲಿನ ಮಹಡಿಯಲ್ಲಿಟ್ಟಿದ್ದಾರೆ. ವಲಸೆ ಹೋದವರು ಜೊತೆಗೊಯ್ಯುವ ನಾಚಿಕೆ, ಅದೇ ಇದರ ವಿಷಯ. ನಾನು ಅದರೆದುರು ನಿಂತು ಅತ್ತಿದ್ದೆ, ಅಲ್ವಾ ರೊನಿ?"

ರೊನಾಲ್ಡ್ ಬಾಯಿ ತುಂಬ ನೀರುದೋಸೆ ಇಟ್ಟುಕೊಂಡು ಜೋರಾಗಿ ತಲೆಯಾಡಿಸಿದ.

ಚಪ್ಪಾಳೆಯೋ ಚಪ್ಪಾಳೆ. ಕೆಲವರು ಕಣ್ಣೊರೆಸಿಕೊಂಡರು. ಅನಸೂಯಮ್ಮ, "ನನಗೇನು ತಿಳಿಯುತ್ತೆ, ನಾನೂ ಇದನ್ನೆಲ್ಲ ಒಂದ್ಸಲ ನೋಡ್ಬೇಕಪ್ಪಾ, ನೀನೇ ಕರ್ಕೊಂಡು ಹೋಗು" ಎಂದರು. "ಹೌದು, ನಮ್ಮನ್ನೂ!" ಎಂದು ನಾಲ್ಕಾರು ದನಿ ಸೇರಿದವು. ಹೋದ ಜೀವ ಬಂದಂತಾಗಿದ್ದ ಅಶ್ವತ್ಥ ಸಂತೋಷದಲ್ಲಿ, "ಖಂಡಿತ! ಎಲ್ಲರನ್ನೂ ಕರ್ಕೊಂಡು ಹೋಗ್ತೀನಿ!" ಎಂದು ಕೈಮುಗಿದ.

ಆಮೇಲೆ ಅಡುಗೆಮನೆಯಲ್ಲಿ ಶೆರಿಲ್ ಒಬ್ಬಳೇ ಇದ್ದಾಗ ಮೆಲ್ಲಗೆ ಹೋಗಿ, "ನೀವು ಅದನ್ನ ನಿಜವಾಗ್ಲೂ ನೋಡಿದ್ರಾ?" ಎಂದು ಕೇಳಿದ.

"ಎಂತ ನೋಡುದು?" ಶೆರಿಲ್ ದನಿ ತಗ್ಗಿಸಿದಳು. "ನಾವು ಒಂದು ಮ್ಯೂಸಿಯಂ ಒಳಗೂ ಕಾಲಿಡ್ಲಿಲ್ಲ ಮಾರಾಯ್ರೆ. ರೊನಿಗೆ ಹೊಸ ಶೂ ಕಚ್ಚಿತ್ತು. ಐದು ದೇಶದಲ್ಲೂ ಕೇಕ್ ತಿಂದು ಬಂದದ್ದು. ಫೋಟೋ ಎಲ್ಲ ಅವರ ವೆಬ್‌ಸೈಟಿಂದು. ನಿಮ್ಮದು ನಿಜವಾದ್ದು ಅಂತ ನಂಬಿ, ನೋಡಿಲ್ಲ ಅಂದ್ರೆ ಸಿಕ್ಕಿಬೀಳ್ತೇನೆ ಅಂತ ಹೆದರಿ ಹಾಗೆ ಹೇಳಿದ್ದು. ನಿಮ್ಮದೂ...?"

"ನಮ್ಮದೂ" ಎಂದ ಅಶ್ವತ್ಥ. ಇಬ್ಬರೂ ಬಾಯಿಬಿಡುವುದಿಲ್ಲವೆಂದು ಅಲ್ಲೇ ಮಾತು ಕೊಟ್ಟುಕೊಂಡರು.

ಮರಳುವಾಗ ಅಶ್ವತ್ಥ ಸಿಳ್ಳೆ ಹಾಕುತ್ತ ಕಾರು ಓಡಿಸಿದ. ಸರೋವರದ ಸೇತುವೆ ಬಂದಾಗ ವಸಂತಲಕ್ಷ್ಮಿಯೇ ಮಾತು ತೆಗೆದಳು.

"ಚೆನ್ನಾಗಿ ಮಾತಾಡಿದ್ರಿ ರೀ. ಮೆಲ್ಬರ್ನ್ ಟಿಕೆಟ್ ಬುಕ್ ಮಾಡ್ಬಿಟ್ಟೆ."

ಅಶ್ವತ್ಥನಿಗೆ ಹಾಡಬೇಕೆನಿಸಿತು. "ವಸಂತಾ! ನೀನು ದೇವತೆ ಕಣೇ!"

"ನನಗೆ ಬುಕ್ ಮಾಡ್ದೆ ಅಂದೆ."

"ಅಂದ್ರೆ?"

"ನೀವು ಟಾಲಿನ್ ತಲುಪಿದ ಮಾರನೇ ದಿನ ಮನೆ ಭಣಭಣ ಅಂತಿತ್ತು. ನಿಮ್ಮ ಕೂಗಾಟ ಇಲ್ದೆ ಬೆಳಗಾದ ಹಾಗೇ ಅನ್ನಿಸ್ಲಿಲ್ಲ. ಸುಮ್ನೆ ಟೀವಿ ಹಾಕಿ ಮ್ಯಾಚ್ ಒತ್ತಿದೆ. ಈ ಅಕೌಂಟಲ್ಲಿ ಇನ್ನೊಬ್ರು ಟಾಲಿನ್‌ನಿಂದ ಇದೇ ಮ್ಯಾಚ್ ನೋಡ್ತಿದಾರೆ ಅಂತ ಬರ್ಕೊಂಡು ಬಂತು." ಅವಳು ಕಿಟಕಿಯಾಚೆ ನೋಡಿದಳು. "ನನಗೆ ಹೋಗೋಕೆ ಆಗದ ಜಾಗಕ್ಕೆ ನಿಮ್ಮನ್ನ ಕಳ್ಸಿದ್ದೆ. ಅಳು ಬಂತು ರೀ."

ಅಶ್ವತ್ಥನ ಸಿಳ್ಳೆ ಎಲ್ಲೋ ಸತ್ತುಹೋಗಿತ್ತು. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

"ಬೈಯೋಣ ಅಂತ ಫೋನ್ ಎತ್ಕೊಂಡೆ. ಅಷ್ಟರಲ್ಲಿ ಆ ಹುಡುಗ ಒಂದು ಸಿಕ್ಸರ್ ಹೊಡೆದ ನೋಡಿ, ಬೈಯೋದೇ ಮರ್ತುಹೋಯ್ತು! ಆಮೇಲೆ ನಿಮ್ಮ ಬಕೆಟ್ಟು ಬಂತು, ನಾನೂ ಬೇಕಂತಲೇ ಅಬ್ಬಾ ಅಂದೆ. ಅವತ್ತಿಂದ ಒಂದು ಮ್ಯಾಚೂ ಬಿಟ್ಟಿಲ್ಲ. ನೀವು ಪಕ್ಕದಲ್ಲಿ ಕೂತು ವಿವರಿಸದೇ ಇದ್ರೆ ಕ್ರಿಕೆಟ್ ಎಷ್ಟು ಚೆನ್ನಾಗಿರುತ್ತೆ ಅಂತೀರಿ!"

"ಹಾಗಾದ್ರೆ ಇಬ್ರೂ ಹೋಗೋಣ ವಸಂತಾ..."

"ನಿಮಗೆಲ್ಲಿ ಪುರುಸೊತ್ತು? ಅದೇ ವಾರ ನೀವು ಎಲ್ಲರನ್ನೂ ಮ್ಯೂಸಿಯಂಗಳಿಗೆ ಕರ್ಕೊಂಡು ಹೋಗ್ತಿದೀರಲ್ಲ. ಅನಸೂಯಮ್ಮ, ರೊನಾಲ್ಡ್, ಶೆರಿಲ್, ಇನ್ನೂ ಅರ್ಧ ಸಂಘ. ಕ್ರಿಸ್ಮಸ್ ರಜಾ ಎಲ್ಲರಿಗೂ ಹೊಂದುತ್ತೆ ಅಂತ, ನೀವು ಕಾರು ತರೋಕೆ ಹೋದಾಗ ಅಲ್ಲೇ ದಿನ ಗೊತ್ತು ಮಾಡ್ಬಿಟ್ರು. ಶೆರಿಲ್ ಮುಖ ಯಾಕೋ ಸಪ್ಪಗಾಯ್ತು. ಹೊರಗೆ ಹಿಮ ಸುರಿಯೋದ್ರಿಂದ ದಿನವಿಡೀ ಮ್ಯೂಸಿಯಂ ಒಳಗೇ ಇರ್ಬೇಕಂತೆ. ಬೇಡ ಅನ್ನೋದಾದ್ರೆ ಹೇಳಿ, ಯಾಕೆ ಬೇಡ ಅಂತ ನಾನೇ ಎಲ್ಲರಿಗೂ ವಿವರಿಸ್ತೀನಿ."

ಅಶ್ವತ್ಥ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ರಸ್ತೆಯನ್ನೇ ನೋಡಿದ.

"ಅತ್ತೇನ ನೀವು ನೋಡ್ಕೊತೀರಿ ಅಂತಾದ್ಮೇಲೆ ಸುಪ್ರಿಯಾನೂ ನಮ್ಮ ಜೊತೆ ಹೊರಟ್ಲು. ಮೈದಾನದಲ್ಲಿ ನಿಮಗೆ ಅಂತ ಇಟ್ಟಿದ್ದ ಸೀಟನ್ನ ಕಶ್ಯಪ್ ನನಗೇ ಕೊಟ್ಟ, ಪಾಪ, ಒಳ್ಳೆ ಮನುಷ್ಯ."

ಕಾರು ಸೇತುವೆ ದಾಟಿತು. ವಸಂತಲಕ್ಷ್ಮಿ ಎದುರಿನ ಕನ್ನಡಿ ಇಳಿಸಿ ಮುಖ ನೋಡಿಕೊಳ್ಳುತ್ತ ಕೇಳಿದಳು:

"ರೀ, ಡಿಸೆಂಬರಲ್ಲಿ ಮೆಲ್ಬರ್ನ್‌ನಲ್ಲಿ ಬಿಸಿಲಂತೆ. ನನಗೆ ಯಾವ ಬಣ್ಣದ ಟೋಪಿ ಒಪ್ಪುತ್ತೆ?"