ಕೊಟ್ಟೂರಿನ ಒರಿಜಿನಲ್ ಫೈಟಿಂಗ್

ಆಟ ಆಡಲು ಬಂದವರು ಆಡಿ ಸುಮ್ಮನೆ ಮನೆಗೆ ಹೋಗಿದ್ದರೆ ನನಗೆ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ನಮ್ಮ ಅಂಗಡಿಯಲ್ಲಿ ಹಾಗೆ ಆಗುತ್ತಲೇ ಇರಲಿಲ್ಲ. ಬೆಳಿಗ್ಗೆ ಷಟರ್ ಎತ್ತಿದರೆ ಸಾಕು, ಏನೋ ಒಂದು ಶುರುವಾಗುತ್ತಿತ್ತು.

ಯಾವ ಅಂಗಡಿ ಎಂದು ಮೊದಲು ಹೇಳಬೇಕು. ಕೊಟ್ಟೂರಿನಲ್ಲಿ ನಮ್ಮದು ಟಿವಿ, ರೇಡಿಯೊ ರಿಪೇರಿ ಅಂಗಡಿ. ಹಿಂದಿನ ಭಾಗದಲ್ಲಿ ಅಬ್ಬಾ, ಅಂದರೆ ನಮ್ಮ ತಂದೆ, ರಿಪೇರಿ ಮಾಡುತ್ತಿದ್ದರು. ಮುಂದಿನ ಭಾಗದಲ್ಲಿ ನಾನು ವಿಡಿಯೋ ಗೇಮ್ ಇಟ್ಟಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಗೇಮ್ ಎಂದರೆ ಈಗಿನ ಹಾಗೆ ಫೋನಿನೊಳಗೆ ಇರುತ್ತಿರಲಿಲ್ಲ. ಬೀರುವಿನಷ್ಟು ಎತ್ತರದ ಒಂದು ಮರದ ಡಬ್ಬಿ, ಒಳಗೆ ಪಿಕ್ಚರ್ ಟ್ಯೂಬು, ಎದುರಿಗೆ ಹಿಡಿಕೆ ಮತ್ತು ಗುಂಡಿಗಳು. ನಾಣ್ಯ ಹಾಕಿ, ನಿಂತುಕೊಂಡು ಆಡಬೇಕು. ಪರದೆಯ ಮೇಲೆ ಇಬ್ಬರು ಹೊಡೆದಾಡುತ್ತಾರೆ, ಒಬ್ಬ ಬೀಳುತ್ತಾನೆ. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು, ಆದರೆ ನಮ್ಮವರು 'ಫೈಟಿಂಗ್' ಅಂತಲೇ ಕರೆಯುತ್ತಿದ್ದರು.

ಒಂದು ಸಂಜೆ ವೋಲ್ಟೇಜ್ ಏಕಾಏಕಿ ಏರಿ ಡಬ್ಬಿಯೊಳಗಿನ ಬೋರ್ಡು ಸುಟ್ಟುಹೋಯಿತು. ಮರದ ಡಬ್ಬಿ ಉಳಿಯಿತು, ಆಟ ಹೋಯಿತು. ಆಗ ನಾನು ಹೊಸಪೇಟೆಗೆ ಹೋಗಿ, ಮನೆಯಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಸಣ್ಣ ಮೆಷಿನ್ ತಂದೆ. ಸೀಡಿ ಹಾಕುವಂಥದ್ದು. ಸೀಡಿಯಲ್ಲಿ ಅದೇ ಕಂಪನಿಯವರು ಮಾಡಿದ ಅದೇ ಫೈಟಿಂಗ್ ಇತ್ತು. ಅದೇ ಜನ, ಅದೇ ಒದೆ.

ಅಬ್ಬಾ ಅದನ್ನು ಕೈಯಲ್ಲಿ ತೂಗಿ ನೋಡಿದರು. ಮನೆಯಲ್ಲಿ ನಾವು ಉರ್ದು ಮಾತಾಡುತ್ತೇವೆ, ಇಲ್ಲಿ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳುತ್ತೇನೆ.

"ರಂಜಾನ್ ತನಕ ನೋಡ್ತೀನಿ. ಮಂದಿ ಬಂದ್ರ ಸರಿ. ಇಲ್ಲಂದ್ರ ಈ ಜಾಗಕ್ಕ ಜೆರಾಕ್ಸ್ ಮೆಷಿನ್ ಬರ್ತೈತಿ, ಅದರ ಮುಂದ ನೀ ಕುಂದ್ರಬೇಕು."

ಒಂದೇ ಕಡೆ ಕೂರುವುದು ನನಗೆ ಹುಟ್ಟಿನಿಂದ ಆಗಿಬಂದಿಲ್ಲ. ಊಟಕ್ಕೆ ಕೂತರೂ ನಡುವೆ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬರುವವನು ನಾನು. ಹಾಗಾಗಿ ಆ ಸಣ್ಣ ಮೆಷಿನ್ ಓಡಲೇಬೇಕಿತ್ತು.

ಸೈಕಲ್ ಮುದುಕ

ಮೊದಲ ದಿನ ಮೊದಲು ಬಂದವನು ಪಕ್ಕದ ಅಂಗಡಿಯ ಟೈಲರ್. ಫೈಟಿಂಗಿನಲ್ಲಿ ಇವನನ್ನು ಸೋಲಿಸಿದವರು ಹರಪನಹಳ್ಳಿಯಲ್ಲೂ ಇಲ್ಲ, ಹಗರಿಬೊಮ್ಮನಹಳ್ಳಿಯಲ್ಲೂ ಇಲ್ಲ ಎಂದು ಅವನೇ ಹೇಳುತ್ತಿದ್ದ. ಇವನು ಒಪ್ಪಿದರೆ ಊರು ಒಪ್ಪಿದ ಹಾಗೆ. ಅವನ ಹಿಂದೆಯೇ ಬಸ್ ಕಂಡಕ್ಟರ್ ಬಂದ. ಕೂಡ್ಲಿಗಿಯಿಂದ ಹರಪನಹಳ್ಳಿಗೆ ಹೋಗುವ ಬಸ್ಸು ಕೊಟ್ಟೂರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಷ್ಟರೊಳಗೆ ಓಡಿಬಂದು ಒಂದು ಆಟ ಆಡಿ ಓಡಿಹೋಗುವುದು ಅವನ ರೂಢಿ.

ಟೈಲರ್ ಆಟ ಶುರುಮಾಡಿದ, ಆದರೆ ಹೊಡೆಯಲಿಲ್ಲ. ಪರದೆಗೆ ಮೂಗು ತಾಗಿಸಿ ಹುಡುಕುತ್ತಾ ನಿಂತ.

"ಭಾಯ್, ಮುದುಕ ಎಲ್ಲಿ?"

ಹೊಡೆದಾಡುವವರ ಹಿಂದೆ ಒಂದು ಬೀದಿಯ ಚಿತ್ರ ಇರುತ್ತಿತ್ತು. ದೊಡ್ಡ ಡಬ್ಬಿಯಲ್ಲಿ ಆ ಬೀದಿಯಲ್ಲಿ ಒಬ್ಬ ಮುದುಕ ಸೈಕಲ್ ಹಿಡಿದು ನಿಂತು ತಲೆ ಆಡಿಸುತ್ತಿದ್ದ. ಆಟಕ್ಕೂ ಅವನಿಗೂ ಸಂಬಂಧವಿಲ್ಲ. ಇದರಲ್ಲಿ ಬೀದಿ ಇತ್ತು, ಮುದುಕ ಇರಲಿಲ್ಲ.

ನಾನು ವಿವರಿಸಿದೆ. ದೊಡ್ಡ ಡಬ್ಬಿಯ ಬೋರ್ಡಿನಲ್ಲಿ ಚಿತ್ರಗಳಿಗೆ ಬಹಳ ಜಾಗ ಇರುತ್ತದೆ, ಮನೆಯ ಮೆಷಿನ್ನಿನಲ್ಲಿ ಜಾಗ ಕಡಿಮೆ. ಅದಕ್ಕೇ ಕಂಪನಿಯವರು ಹೊಡೆದಾಡುವವರನ್ನು ಉಳಿಸಿಕೊಂಡು, ನೋಡುವವರನ್ನು ಕೈಬಿಟ್ಟಿದ್ದಾರೆ.

"ಇಷ್ಟು ಮಂದಿಗೆ ಜಾಗ ಐತಿ, ಒಬ್ಬ ಮುದುಕಗ ಜಾಗ ಇಲ್ಲೇನು?" ಎಂದ ಟೈಲರ್.

ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಓಡುತ್ತಲೇ ಕಂಡಕ್ಟರ್ ತಿರುಗಿ ಹೇಳಿದ: "ಸೀಟ್ ಯಾರು ಕೇಳಿದ್ರು? ಅವ ಮೊದಲಿಂದ ಸ್ಟ್ಯಾಂಡಿಂಗ ಇದ್ದ."

ಹಳದಿ ಕೋಟು

ಮುದುಕನನ್ನು ಹೇಗೋ ಮರೆತರು. ಕೋಟನ್ನು ಮರೆಯಲಿಲ್ಲ.

ಟೈಲರ್ ಯಾವಾಗಲೂ ಆರಿಸಿಕೊಳ್ಳುತ್ತಿದ್ದ ಪೈಲ್ವಾನನಿಗೆ ದೊಡ್ಡ ಡಬ್ಬಿಯಲ್ಲಿ ಹಸಿರು ಕೋಟು ಇತ್ತು. ಟಿವಿಯಲ್ಲಿ ಹಳದಿ ಕೋಟು ಹಾಕಿಕೊಂಡು ಬಂದ.

"ಇವ ಅವ ಅಲ್ಲ. ಅವನ ತಮ್ಮ ಇರಬೇಕು. ಒದಿಯಾಗ ದಮ್ಮಿಲ್ಲ."

ನಿಜ ಏನೆಂದರೆ, ಅವನ ಕೋಟು ಹಳದಿಯೇ. ನಮ್ಮ ದೊಡ್ಡ ಡಬ್ಬಿಯ ಪಿಕ್ಚರ್ ಟ್ಯೂಬು ಹಳೆಯದಾಗಿ ಕೆಂಪು ಬಣ್ಣ ಸತ್ತುಹೋಗಿತ್ತು. ಟ್ಯೂಬಿನಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರೇ ಬಣ್ಣ. ಕೆಂಪು ಮತ್ತು ಹಸಿರು ಸೇರಿದರೆ ಹಳದಿ. ಕೆಂಪು ಹೋದರೆ ಹಳದಿಯವರೆಲ್ಲ ಹಸಿರಾಗುತ್ತಾರೆ. ಇದನ್ನು ನಾನು ಚಾಕ್‌ಪೀಸಿನಲ್ಲಿ ಗೋಡೆಯ ಮೇಲೆ ಬರೆದು ತೋರಿಸಿದೆ. ಎಲ್ಲರೂ ಗಮನವಿಟ್ಟು ಕೇಳಿದರು, ಕೇಳಿ ಮನೆಗೆ ಹೋದರು.

ಮರುದಿನ ಟಿವಿಯ ಹಿಂಭಾಗ ಬಿಚ್ಚಿ, ಕೆಂಪಿನ ತಿರುಪನ್ನು ಪೂರ್ತಿ ಇಳಿಸಿಬಿಟ್ಟೆ. ಕೋಟು ಹಸಿರಾಯಿತು. ಮುಖ, ಕೈಕಾಲು, ಬೀದಿ, ಆಕಾಶ ಎಲ್ಲವೂ ಪಾಚಿ ಕಟ್ಟಿದ ಹಾಗಾಯಿತು. ಟೈಲರ್ ನೋಡಿ, "ಹಾಂ, ಬಂದ ನೋಡ್ರಿ ನಮ್ಮವ" ಎಂದು ತೋಳು ಮಡಚಿದ.

ಅದೇ ಹೊತ್ತಿಗೆ ಟಿವಿ ರಿಪೇರಿಗೆ ಕೊಟ್ಟಿದ್ದ ಒಬ್ಬ ಟೀಚರಮ್ಮ ಬಂದರು. ಮುಂದೆ ಉರಿಯುತ್ತಿದ್ದ ಆ ಹಸಿರು ಟಿವಿಯನ್ನು ನೋಡಿದರು. ಸೀದಾ ಒಳಗೆ ಹೋಗಿ ಅಬ್ಬಾಗೆ ಹೇಳಿದರು:

"ನಮ್ಮ ಟಿವಿ ಇನ್ನೂ ಮುಟ್ಟಿಲ್ಲ ಅಲ್ರಿ? ಹಂಗ ಕೊಟ್ಟುಬಿಡ್ರಿ. ನೀವು ರಿಪೇರಿ ಮಾಡಿದ್ದು ಹೊರಗ ನೋಡಿ ಬಂದೆ."

ಗಾಳಿಯಲ್ಲಿ ನಿಂತ ಕಾಲು

ಮನೆಯ ಮೆಷಿನ್ನಿನಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ಆಟ ಇದ್ದಲ್ಲೇ ನಿಲ್ಲುತ್ತದೆ, ಮತ್ತೆ ಒತ್ತಿದರೆ ಮುಂದುವರಿಯುತ್ತದೆ. ದೊಡ್ಡ ಡಬ್ಬಿಯಲ್ಲಿ ಅದು ಇರಲಿಲ್ಲ. ಇದ್ದರೆ ನಾಣ್ಯ ಹಾಕಿದವರು ಡಬ್ಬಿ ಬಿಟ್ಟು ಹೋಗುವುದೇ ಇಲ್ಲವಲ್ಲ.

ಅದನ್ನು ಕಂಡುಹಿಡಿದವನು ಕಂಡಕ್ಟರ್. ಟೈಲರ್ ಎದುರು ಆಡುತ್ತಿದ್ದ, ಸೋಲುತ್ತಿದ್ದ. ಟೈಲರನ ಪೈಲ್ವಾನ ಮೇಲಕ್ಕೆ ಹಾರಿ ಕಾಲು ಚಾಚಿದ. ಇನ್ನೇನು ಕಂಡಕ್ಟರನ ಗದ್ದಕ್ಕೆ ಬೀಳಬೇಕು, ಡ್ರೈವರ್ ಹಾರ್ನ್ ಹೊಡೆದ. ಕಂಡಕ್ಟರ್ ಗುಂಡಿ ಒತ್ತಿ ಎದ್ದ.

"ಸಂಜಿಗೆ ವಾಪಸ್ ಬರ್ತೀನಿ. ಯಾರೂ ಮುಟ್ಟಬ್ಯಾಡ್ರಿ."

ದಿನವೆಲ್ಲ ಪೈಲ್ವಾನ ಗಾಳಿಯಲ್ಲಿ ನೇತಾಡಿದ. ಬೇರೆಯವರು ಆಡಲು ಬಂದರೆ ಟೈಲರ್ ಬಿಡಲಿಲ್ಲ, ಗೆಲುವು ಅವನದಾಗಿತ್ತಲ್ಲ. ಹೊಲಿಯುವುದು ಬಿಟ್ಟು ಬಂದು ನೋಡುವುದು, ಹೋಗುವುದು, ಮತ್ತೆ ಬರುವುದು. ಆವತ್ತು ಕರೆಂಟಿಗೂ ಏನಾಗಿತ್ತೋ, ಹೋಗಲೇ ಇಲ್ಲ. ಅಬ್ಬಾ ಒಳಗಿನಿಂದ, "ಜೆರಾಕ್ಸ್ ಮೆಷಿನ್ ಆದ್ರ ಹಿಂಗ ನಿಂದ್ರಂಗಿಲ್ಲ" ಎಂದರು.

ಸಂಜೆ ಬಸ್ಸು ಬಂತು. ಇಳಿದವನು ಬೇರೆ ಕಂಡಕ್ಟರ್. ನಮ್ಮವನ ಡ್ಯೂಟಿ ಹರಪನಹಳ್ಳಿಯಲ್ಲಿ ಬದಲಾಗಿ, ಅವನು ರಜೆಯ ಮೇಲೆ ಊರಿಗೆ ಹೋಗಿದ್ದ. ಟೈಲರ್ ಹೊಸ ಕಂಡಕ್ಟರನ ರಟ್ಟೆ ಹಿಡಿದು ಒಳಗೆ ಕರೆತಂದು, ಕೂರಿಸಿ, ಕೈಗೆ ಮೆಷಿನ್ನಿನ ಹಿಡಿಕೆ ಕೊಟ್ಟ.

"ಇದೇನ್ರಿ? ನನಗ ಇದು ಬರಂಗಿಲ್ಲ" ಎಂದ ಅವನು ಗಾಬರಿಯಾಗಿ.

"ಬರೋದು ಬ್ಯಾಡ್ರಿ. ಅವರ ಡ್ಯೂಟಿ ಮ್ಯಾಲ ಬಂದೀರಿ, ಅವರ ಒದಿ ತಿಂದು ಹೋಗ್ರಿ."

ಕಾಜ

ಇನ್ನೊಂದು ವ್ಯತ್ಯಾಸ ಇತ್ತು. ದೊಡ್ಡ ಡಬ್ಬಿಯಲ್ಲಿ ಒಬ್ಬ ಬಿದ್ದ ಕೂಡಲೇ ಮುಂದಿನವನು ಬರುತ್ತಿದ್ದ. ಇದರಲ್ಲಿ ಹಾಗಲ್ಲ. ಮೆಷಿನ್ ಪ್ರತಿಯೊಬ್ಬನನ್ನೂ ಸೀಡಿಯಿಂದ ಓದಿಕೊಂಡು ತರಬೇಕು. ಅಷ್ಟು ಹೊತ್ತು ಪರದೆ ಕಪ್ಪಾಗಿ, 'ಲೋಡಿಂಗ್' ಎಂದು ಬರುತ್ತಿತ್ತು.

ಟೈಲರಿಗೆ ಇದು ತಡೆಯಲಾಗದ ಸಂಕಟ. ಕಾಲು ಕುಣಿಸಿದ, ಬಾಗಿಲಿಗೆ ಹೋಗಿ ಬಂದ, ಮೆಷಿನ್ನಿನ ಬಾಯಿ ತೆರೆದು ನೋಡಿದ. ಕೊನೆಗೆ ಕೆಲಸ ಜೊತೆಗೇ ತರಲು ಶುರುಮಾಡಿದ. ಒಂದು ಲೋಡಿಂಗಿನಲ್ಲಿ ಅಂಗಿಗೆ ಒಂದು ಕಾಜ, ಅಂದರೆ ಗುಂಡಿ ತೂರಿಸುವ ತೂತಿನ ಸುತ್ತ ಹಾಕುವ ಹೊಲಿಗೆ, ಮುಗಿಯುತ್ತಿತ್ತು. ಆಟ ಬಂದರೆ ಸೂಜಿ ಕಾಲರಿಗೆ ಚುಚ್ಚಿ ಆಡುತ್ತಿದ್ದ.

ಕೊನೆಕೊನೆಗೆ ಅವನ ಗಿರಾಕಿಗಳೂ ನಮ್ಮಲ್ಲಿಗೇ ಬರತೊಡಗಿದರು. ಒಬ್ಬ ಮದುವಣಿಗ ಕಂಬಕ್ಕೆ ಒರಗಿ ನಿಂತು, ಟೈಲರ್ ಎದುರು ಆಡುತ್ತಿದ್ದ ನನಗೆ ಕೈಮುಗಿದ: "ಭಾಯ್, ಇವನ್ನ ಲಗೂನ ಸೋಲಿಸ್ರಿ. ಇನ್ನೆರಡು ಲೋಡಿಂಗ್ ಆದ್ರ ನನ್ನ ಅಂಗಿ ಮುಗಿತೈತಿ."

ತೊಟ್ಟಿಲು

ಕೂತು ಆಡಿದರೆ ಕೈ ಓಡುವುದಿಲ್ಲ ಎಂದು ಎಲ್ಲರೂ ಗೊಣಗುತ್ತಿದ್ದರು. ಅದಕ್ಕೆ ಟಿವಿಯನ್ನು ಹಳೆಯ ಮರದ ಡಬ್ಬಿಯೊಳಗೆ ಕೂರಿಸಿ, ಹಳೆಯ ಹಿಡಿಕೆಗೂ ಗುಂಡಿಗಳಿಗೂ ವೈರು ಎಳೆದು, ಸಣ್ಣ ಮೆಷಿನ್ನಿಗೆ ಬೆಸುಗೆ ಹಾಕಿದೆ. ಈಗ ನಿಂತು ಆಡಬಹುದಿತ್ತು.

ನಿಂತ ಕೂಡಲೇ ಟೈಲರ್ ಡಬ್ಬಿಯ ಪಕ್ಕೆಗೆ ಪಟಾರನೆ ಬಾರಿಸಿದ. ಹಳೆಯ ಡಬ್ಬಿಯ ಚಿತ್ರ ಆಗಾಗ ಓರೆಯಾಗುತ್ತಿತ್ತು, ಬಾರಿಸಿದರೆ ನೆಟ್ಟಗಾಗುತ್ತಿತ್ತು. ವರ್ಷಗಟ್ಟಲೆ ಬಾರಿಸಿ ಬಾರಿಸಿ, ಅದು ಇಲ್ಲದೆ ಅವನಿಗೆ ಆಟವೇ ಶುರುವಾಗುತ್ತಿರಲಿಲ್ಲ. ಆದರೆ ಸೀಡಿ ಮೆಷಿನ್ ಏಟು ತಡೆಯುವುದಿಲ್ಲ. ಏಟು ಬಿದ್ದರೆ ಸೀಡಿ ಜಿಗಿದು ಆಟ ಸತ್ತುಹೋಗುತ್ತದೆ. ಬಾರಿಸಬೇಡ ಎಂದು ಹೇಳಿ ನೋಡಿದೆ. ಕೈ ಕಟ್ಟಿಹಾಕಿದ ಹಾಗಾಗುತ್ತದೆ ಎಂದ.

ಆಮೇಲೆ ಉಪಾಯ ಹೊಳೆಯಿತು. ಮೆಷಿನ್ನನ್ನು ಅಬ್ಬಾನ ಹಳೆಯ ಲುಂಗಿಯಲ್ಲಿ ಹಾಕಿ, ಡಬ್ಬಿಯ ಹಿಂದೆ ಸೂರಿನ ಕೊಂಡಿಗೆ ನೇತುಹಾಕಿದೆ. ಡಬ್ಬಿಗೆ ಎಷ್ಟು ಬಾರಿಸಿದರೂ ಮೆಷಿನ್ನಿಗೆ ಪೆಟ್ಟು ತಗಲುವುದಿಲ್ಲ. ಟೈಲರ್ ಬಾರಿಸಿದ, ಆಟ ಓಡಿತು. ಆ ವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಒಂದು ಮಧ್ಯಾಹ್ನ ಹಿಂದಿನ ಓಣಿಯ ಅಜ್ಜಿ ರಿಪೇರಿಗೆ ಕೊಟ್ಟಿದ್ದ ರೇಡಿಯೊ ಒಯ್ಯಲು ಬಂದಳು. ತೂಗುತ್ತಿದ್ದ ಲುಂಗಿ ನೋಡಿ ಗದ್ದಲ ಮಾಡುವವರನ್ನೆಲ್ಲ ಗದರಿದಳು. "ಕೂಸು ಮಲಗೇತಿ, ಹಿಂಗ ಒದರ್ತೀರಲ್ಲ." ನಾನು ಬಾಯಿ ತೆರೆಯುವ ಮೊದಲೇ ಕೈ ಹಾಕಿ ಎರಡು ಸಲ ಜೋರಾಗಿ ತೂಗಿದಳು. ಆಟ ನಿಂತಿತು. ಟೈಲರ್ ತಲೆ ಹಿಡಿದುಕೊಂಡ. ಸದ್ದು ಅಡಗಿದ್ದಕ್ಕೆ ಸಮಾಧಾನವಾಗಿ ಅಜ್ಜಿ ಲುಂಗಿಯ ಮೇಲಿಂದ ಮೆಲ್ಲಗೆ ಸವರಿದಳು. ಬೆಳಿಗ್ಗೆಯಿಂದ ಓಡಿ ಮೆಷಿನ್ ಕಾದಿತ್ತು.

"ಯಪ್ಪಾ, ಮೈ ಕೆಂಡದಂಗ ಸುಡಾಕತ್ತೈತಿ. ಆಟ ಆಮ್ಯಾಲ ಆಡ್ರಿ, ಮೊದಲು ದವಾಖಾನಿಗೆ ಒಯ್ರಿ."

ಬೇಕರಿಯ ಹೊಸ ಡಬ್ಬಿ

ರಂಜಾನ್ ಹತ್ತಿರ ಬಂದಾಗ ಬಸ್ ಸ್ಟ್ಯಾಂಡಿನ ಬೇಕರಿಯವರು ದಾವಣಗೆರೆಯಿಂದ ದೊಡ್ಡ ಡಬ್ಬಿ ತಂದರು. ಅದೇ ಫೈಟಿಂಗ್. ಹೊಸ ಟ್ಯೂಬು, ಹೊಸ ಗುಂಡಿಗಳು, ಒಂದು ಗೀರೂ ಇಲ್ಲ. ನಾನೇ ಕದ್ದು ಹೋಗಿ ನೋಡಿ ಬಂದೆ. ಎಷ್ಟು ಚೆನ್ನಾಗಿತ್ತೆಂದರೆ ಅವತ್ತು ಊಟ ಸೇರಲಿಲ್ಲ.

ನಮ್ಮ ಅಂಗಡಿ ಬರಿದಾಯಿತು. ಅಬ್ಬಾ ಅಳತೆಯ ಟೇಪು ತಂದು, ಗೋಡೆಯಿಂದ ಬಾಗಿಲಿನವರೆಗೆ ಹಿಡಿದು ನೋಡಿದರು. ಜೆರಾಕ್ಸ್ ಮೆಷಿನ್ ಕೂರುತ್ತಿತ್ತು, ಅದರ ಮುಂದೆ ನನ್ನ ಕುರ್ಚಿಗೂ ಜಾಗ ಉಳಿಯುತ್ತಿತ್ತು. ನಾನು ಷಟರಿನಿಂದ ರಸ್ತೆಗೆ, ರಸ್ತೆಯಿಂದ ಷಟರಿಗೆ ಓಡಾಡುತ್ತಾ ಇದ್ದೆ.

ಕೆಲವು ದಿನ ಕಳೆದು ಟೈಲರ್ ಹೆಗಲ ಮೇಲೆ ಅಂಗಿಗಳ ರಾಶಿ ಹೊತ್ತು ವಾಪಸ್ ಬಂದ.

"ಅಲ್ಲಿರೋದು ಡೂಪ್ಲಿಕೇಟ್ ಐತ್ರಿ."

"ಹೊಸಾದು ಅಲ್ಲೇನೋ, ಕಂಪನಿದು" ಎಂದೆ ನಾನು.

"ಇರಬೌದು. ಒಬ್ಬ ಬೀಳೂದ ತಡ ಇನ್ನೊಬ್ಬ ಬಂದು ನಿಂದರ್ತಾನ. ಸೂಜಿಗೆ ದಾರ ಪೋಣಿಸಾಕ ಬಿಡಂಗಿಲ್ಲ. ಎಲ್ಲಾರ ಮಕನೂ ಬಿಸಿಲು ಬಡಿದಂಗ ಕೆಂಪಗ. ಬಾರಿಸಿದ್ರ ಬೇಕರಿಯವರು ಬೈತಾರ. ಫೈಟಿಂಗ್ ಅಂದ್ರ ಹಂಗಿರ್ತೈತೇನು?"

ರಜೆ ಮುಗಿಸಿ ಬಂದಿದ್ದ ಕಂಡಕ್ಟರನೂ ಬಂದ. ಅಲ್ಲಿ ಆಟ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಹುಡುಕುವುದರಲ್ಲಿ ಅವನ ಬಸ್ಸು ಅವನನ್ನು ಬಿಟ್ಟೇ ಹೊರಟುಹೋಗಿತ್ತಂತೆ. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಅಬ್ಬಾ ಟೇಪು ಸುತ್ತಿ ಜೇಬಿಗಿಟ್ಟರು.

ಅದರ ಮರುದಿನ ಬೇಕರಿಯವರೇ ಖಾರ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದು, ಅಬ್ಬಾನ ಎದುರಿನ ಸ್ಟೂಲಿನ ಮೇಲೆ ಕೂತರು.

"ಚಾಚಾ, ನನ್ನ ಡಬ್ಬಿ ಸ್ವಲ್ಪ ನೋಡಬೇಕಿತ್ತು."

"ಏನ್ ಕೆಟ್ಟೈತಿ?"

"ಏನೂ ಕೆಟ್ಟಿಲ್ಲ. ಅದ ತ್ರಾಸ ಆಗೇತಿ. ಒಬ್ಬರೂ ಮುಟ್ಟವಲ್ರು, ಬ್ರೆಡ್ ಇಡೋ ಜಾಗ ಸುಮ್ನ ಹೋಗೇತಿ. ನಿಮ್ಮಲ್ಲೇ ತಂದು ಇಡ್ತೀನಿ, ಬಂದಿದ್ರಾಗ ಪಾಲು ಹಾಕ್ಕೊಳ್ಳೋಣ. ಆದ್ರ ಮೊದಲು ನಿಮ್ಮ ಮಗನ ಕೈಲೆ ಅದನ್ನ ಕೆಡಿಸಿ ಕೊಡ್ರಿ."

ಅಬ್ಬಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಬೇಕರಿಯವರು ವ್ಯಾಪಾರಸ್ಥರು, ಬಿಟ್ಟಾರೆಯೇ.

"ಗ್ಯಾರಂಟಿ ಇರ್ತೈತಲ್ರಿ, ಚಾಚಾ?"

"ನಾ ರಿಪೇರಿ ಮಾಡಿದ್ದಕ್ಕ ಯಾರಿಗೂ ಗ್ಯಾರಂಟಿ ಕೊಟ್ಟಿಲ್ಲ" ಎಂದರು ಅಬ್ಬಾ. "ಆದ್ರ ಇವ ಕೆಡಿಸಿದ್ದಕ್ಕ ಬರದು ಕೊಡ್ತೀನಿ. ಜನ್ಮದಾಗ ಸರಿ ಆಗಂಗಿಲ್ಲ."