ಕಚ್ಚುವ ಬೂಟು, ಕೇಳದ ಗಿರಾಕಿ

ಜನ ಕಾಲಿಗೆ ಬೂಟು ಹಾಕುವ ತನಕ ಇಂಥ ಪ್ರಸಂಗಗಳಿಗೆ ಕೊನೆಯಿಲ್ಲ ಅಂತ ನಾನು ಕೈಚೆಲ್ಲಿ ಬಹಳ ಕಾಲವಾಯಿತು. ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಮೈಸೂರಿನ ಒಂದು ಬೂಟಿನಂಗಡಿಗೆ ಸೇರಿದೆ. ಕಾಲಿನ ಅಳತೆ ತೆಗೆಯುವುದು, ಬೂಟು ತೊಡಿಸುವುದು, ವಾರ ಕಳೆದ ಮೇಲೆ ಅದೇ ಗಿರಾಕಿಯಿಂದ ಬೈಸಿಕೊಳ್ಳುವುದು, ಇವು ನನ್ನ ಕೆಲಸ. ಒಳ್ಳೆಯ ಚರ್ಮದ ಬೂಟು ಮೊದಲು ಕಚ್ಚುತ್ತದೆ, ಆಮೇಲೆ ಪಳಗುತ್ತದೆ, ಹಳೆಯದಾದಷ್ಟೂ ಹಿತವಾಗುತ್ತದೆ. "ದಿನಾ ಒಂದು ಗಂಟೆ ಮನೆಯೊಳಗೇ ಹಾಕ್ಕೊಂಡು ಓಡಾಡಿ" ಅಂತ ನಾನು ಹೇಳದ ಗಿರಾಕಿಯಿಲ್ಲ. ಕೇಳಿದ ಗಿರಾಕಿಯೂ ಇಲ್ಲ.

೧. ಯಾರ ಕಾಲು?

ಜಯಲಕ್ಷ್ಮಿಪುರಂನ ಕಾಲೇಜು ಮೇಷ್ಟ್ರೊಬ್ಬರು ಕಂದು ಬಣ್ಣದ ಬೂಟು ಕೊಂಡು ಹೋದರು. ತಿಂಗಳೊಳಗೆ ಕುಂಟುತ್ತಾ ವಾಪಸು ಬಂದರು.

"ಏನ್ರೀ ಇದು? ಬೆರಳಿನ ಮೇಲೆ ಅದುಮುತ್ತೆ, ಹಿಮ್ಮಡಿ ನೋಡಿದ್ರೆ ಲೊಡಲೊಡ ಅನ್ನುತ್ತೆ."

"ಮನೇಲಿ ಹಾಕ್ಕೊಂಡು ಪಳಗಿಸಿದ್ರಾ ಸಾರ್?"

"ಒಂದು ದಿನಾನೂ ತಪ್ಪಿಸಿಲ್ಲ."

ಬೂಟಿನೊಳಗೆ ಕೈಹಾಕಿ ನೋಡಿದೆ. ಮೇಷ್ಟ್ರದು ಉದ್ದನೆಯ ಸಪೂರ ಪಾದ. ಒಳಗೆ ಅಚ್ಚೊತ್ತಿದ್ದದ್ದು ಯಾವುದೋ ಮೋಟು, ಅಗಲ ಪಾದ. "ಇದು ನಿಮ್ಮ ಕಾಲಲ್ಲ ಸಾರ್" ಅಂದೆ.

ಮೇಷ್ಟ್ರು ತಲೆ ತಗ್ಗಿಸಿದರು. "ನಂಗೆಲ್ರೀ ಪುರುಸೊತ್ತು? ಭಾವಮೈದುನ ಮನೇಲಿ ಸುಮ್ನೆ ಕೂತಿದ್ದ. ನೀನೇ ಹಾಕ್ಕೊಂಡು ಓಡಾಡಪ್ಪ ಅಂದೆ."

"ಹಾಗಾದ್ರೆ ಇದು ಇನ್ನು ಅವರಿಗೇ ಸರಿ ಸಾರ್."

ಅವರು ಬೂಟನ್ನು ಕೈಗೆತ್ತಿಕೊಂಡರು. "ಎಂಟು ದಿನ ಇದ್ದು ಹೋಗ್ತೀನಿ ಅಂತ ಬಂದಿದ್ದ ಕಣ್ರೀ. ಮನೇನೂ ಹೀಗೇ ಅವನ ಅಳತೆಗೆ ಬಂದ್ಬುಡ್ತು" ಅಂದರು.

೨. ಸದ್ದಡಗಿದ ಬೂಟು

ಒಬ್ಬ ಕಚೇರಿ ಸಾಹೇಬರ ಹೊಸ ಬೂಟು ಹೆಜ್ಜೆಹೆಜ್ಜೆಗೂ ಕಿರ್ರೋ ಅನ್ನುತ್ತಿತ್ತು. ನಾವು ಅಟ್ಟೆಯ ಹೊಲಿಗೆಗೆ ಎಣ್ಣೆ ಉಣಿಸಿ, ನಾಲ್ಕು ದಿನ ನೆರಳಿನಲ್ಲಿಟ್ಟು ಸದ್ದು ಅಡಗಿಸಿದೆವು. ಸಾಹೇಬರು ಬೆಕ್ಕಿನಂತೆ ನಡೆದುಹೋದರು. ನನ್ನ ಕೆಲಸಕ್ಕೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಮುಂದಿನ ವಾರ ಅದೇ ಕಚೇರಿಯ ನಾಲ್ಕು ಜನ ಗುಮಾಸ್ತರು ಬಂದರು. ಮುಖ ನೋಡಿದರೆ ಯಾರೋ ತೀರಿಕೊಂಡ ಹಾಗಿತ್ತು.

"ಸ್ವಾಮಿ, ನಮ್ಮ ಸಾಹೇಬರ ಬೂಟಿಗೆ ಸದ್ದು ವಾಪಸು ಹಾಕಿಕೊಡಿ."

ನನಗೆ ಅರ್ಥವಾಗಲಿಲ್ಲ. ಹಿರಿಯ ಗುಮಾಸ್ತರು ಬಿಡಿಸಿ ಹೇಳಿದರು. "ಮೊದಲು ಮೆಟ್ಟಿಲ ಹತ್ರ ಸದ್ದು ಕೇಳೋದು, ನಾವು ಫೈಲು ಬಿಚ್ಕೊಳ್ತಿದ್ವಿ. ಈಗ ಬಂದು ಬೆನ್ನ ಹಿಂದೇನೇ ನಿಂತಿರ್ತಾರೆ. ಮೊನ್ನೆ ಇವರು ನಿದ್ದೆಲಿದ್ರು, ನಿನ್ನೆ ನಾನು ಸಾಹೇಬರ ಥರಾನೇ ಮಾತಾಡಿ ತೋರಿಸ್ತಿದ್ದೆ."

ಸದ್ದು ಅಡಗಿಸುವುದು ಗೊತ್ತಿತ್ತು. ಹುಟ್ಟಿಸುವುದು ನಮ್ಮ ಕೈಯಲ್ಲಿರಲಿಲ್ಲ. ನಮ್ಮ ಯಜಮಾನರು ಕನಿಕರದಿಂದ, "ಮಳೇಲಿ ಚೆನ್ನಾಗಿ ನೆನೆದು ಒಣಗಿದ್ರೆ ತಾನಾಗೇ ಬರಬೌದು" ಅಂದರು.

ಆ ವರ್ಷ ಆ ನಾಲ್ವರು ಮಳೆಗೆ ಕಾದ ಹಾಗೆ ನಮ್ಮೂರಿನ ರೈತರೂ ಕಾಯಲಿಲ್ಲ.

೩. ಹನ್ನೊಂದು ವರ್ಷದ್ದು

ಅಗ್ರಹಾರದಲ್ಲಿ ಒಬ್ಬ ನಿವೃತ್ತ ಸರ್ವೆಯರಿದ್ದರು. ಒಂದೇ ಬೂಟಿನಲ್ಲಿ ಹನ್ನೊಂದು ವರ್ಷ ಊರೂರು ಅಳೆದವರು. ಮೂರು ಸಲ ಅಟ್ಟೆ ಬದಲಾಯಿಸಿದ್ದೆವು. ಮೇಲಿನ ಚರ್ಮ ಅವರ ಕಾಲಿನ ಗಂಟುಗಂಟನ್ನೂ ಕಲಿತುಕೊಂಡು ರೇಷ್ಮೆಯ ಹಾಗೆ ಮಿದುವಾಗಿತ್ತು.

ಒಂದು ಬೆಳಗ್ಗೆ ಬರಿಗಾಲಲ್ಲಿ ಅಂಗಡಿಗೆ ಬಂದು ಕುಕ್ಕರಿಸಿದರು. "ನಮ್ಮನೆಯವಳು ಅದನ್ನ ಜಟಕಾ ಗಾಡಿಯವನಿಗೆ ಕೊಟ್ಬುಟ್ಟಳು. ಹಳೇದು ಅಂತೆ, ನಾರುತ್ತಂತೆ."

ಅಂಗಡಿಯಲ್ಲಿದ್ದ ಜೊತೆಗಳನ್ನೆಲ್ಲ ತೊಡಿಸಿದೆ. ಒಂದೊಂದಕ್ಕೂ ಅವರ ಮುಖ ಇನ್ನಷ್ಟು ಬಾಡುತ್ತಿತ್ತು. ಕೊನೆಗೆ ಅವರಿಗೇ ಒಂದು ಉಪಾಯ ಹೊಳೆಯಿತು. ಅದೇ ಅಳತೆಯ ಹೊಸ ಬೂಟು ಕೊಂಡು ಗಾಡಿಯವನಿಗೆ ಕೊಟ್ಟು, ಬದಲಿಗೆ ತಮ್ಮದನ್ನು ವಾಪಸು ಕೇಳುವುದು ಅಂತ. ಸಾಕ್ಷಿಗೆ ನನ್ನನ್ನೂ ಜಟಕಾ ನಿಲ್ದಾಣಕ್ಕೆ ಎಳೆದುಕೊಂಡು ಹೋದರು.

ಗಾಡಿಯವನು ಒಳ್ಳೆಯವನು. ಹನ್ನೊಂದು ವರ್ಷದ ಕತೆ ಕೇಳಿದ್ದೇ ಹಳೆಯ ಬೂಟು ಬಿಚ್ಚಿ ಹೊಸದನ್ನು ಹಾಕಿಕೊಂಡ. ಕುದುರೆಯ ಸುತ್ತ ಒಂದು ಸುತ್ತು ನಡೆದ. ಮತ್ತೆ ಬಿಚ್ಚಿ ನಮ್ಮ ಕೈಗೇ ಕೊಟ್ಟ.

"ಬುಡಿ ಬುದ್ಧಿ, ಇದು ಕಚ್ತದೆ. ಪಳಗಿಸೋಕೆ ನಂಗೆಲ್ಲಿ ಪುರುಸೊತ್ತು? ಅನ್ನೊಂದು ವರ್ಸ ನೀವೇ ಹಾಕ್ಕೊಂಡು ಆಮ್ಯಾಕೆ ಕೊಡಿ."

೪. ಕಾಶಿಯಾತ್ರೆ

ಎಲ್ಲರ ಕಾಲನ್ನೂ ನೋಡಿ ನಿಟ್ಟುಸಿರು ಬಿಟ್ಟ ನನಗೆ ನನ್ನದೇ ಕಾಲು ಕಾದಿತ್ತು.

ನನ್ನ ಮದುವೆಗೆ ಯಜಮಾನರು ಕರಿಯ ಬೂಟೊಂದನ್ನು ಉಡುಗೊರೆ ಕೊಟ್ಟರು. ಯಾರಿಗೂ ಹೊಂದದೆ ಬೀರುವಿನಲ್ಲಿ ಉಳಿದಿದ್ದ ಜೊತೆ. ನನಗೆ ಒಂದು ನಂಬರು ಚಿಕ್ಕದು. ಅನ್ನ ಹಾಕುವ ಧಣಿಗೆ ಹಾಗಂತ ಹೇಳಲು ಬಾಯಿ ಬರಲಿಲ್ಲ.

ಹುಡುಗಿಯ ಮನೆಯವರು ಕಾಶಿಯಾತ್ರೆ ಶಾಸ್ತ್ರ ಆಗಲೇಬೇಕು ಅಂದರು. ವರ ಸಂಸಾರ ಬೇಡವೆಂದು ಕಾಶಿಗೆ ಹೊರಡಬೇಕು, ಮಾವ ಬೇಡಿಕೊಂಡು ವಾಪಸು ಕರೆತರಬೇಕು. ಯಜಮಾನರು ಎದುರಿಗೇ ನಿಂತು ನನ್ನ ಪಾದ ನೋಡುತ್ತಿದ್ದರು. ಉಸಿರು ಬಿಗಿಹಿಡಿದು ಬೂಟು ಹಾಕಿಕೊಂಡು, ಛತ್ರಿ ಹಿಡಿದು ಹೊರಟೆ. ಬೀದಿಗಿಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಕಣ್ಣಲ್ಲಿ ನೀರು. ಮಾವನವರು ಇನ್ನೂ ಒಳಗೆ ತೆಂಗಿನಕಾಯಿ ಹುಡುಕುತ್ತಿದ್ದರು. ತಡೆಯಲಾರದೆ ನಾನಾಗಿಯೇ ತಿರುಗಿ ಒಳಗೆ ಬಂದುಬಿಟ್ಟೆ. ಓಲಗದವರಿಗೆ ಗೊತ್ತಾಗದೆ ಅವರು ಬೀದಿಯ ತುದಿಯ ತನಕ ಊದಿಕೊಂಡು ಹೋದರು.

"ಇದೇನಯ್ಯಾ, ಕರೆಯೋಕೆ ಮುಂಚೇನೇ ಬಂದ್ಬುಟ್ಟೆ?" ಅಂದರು ಪುರೋಹಿತರು.

ಮುಂದಿನದು ಮಾವ ಅಳಿಯನ ಕಾಲು ತೊಳೆಯುವ ಶಾಸ್ತ್ರ. ಕಾಲು ಊದಿ ಬೂಟು ಬರಲೇ ಇಲ್ಲ. ಒಂದನ್ನು ಯಜಮಾನರು ಎಳೆದರು, ಇನ್ನೊಂದನ್ನು ಮಾವನವರು. ಹಿಂದಿನಿಂದ ನನ್ನ ಅಣ್ಣ ಕಂಕುಳಿಗೆ ಕೈಕೊಟ್ಟು ಹಿಡಿದುಕೊಂಡ. ಪುರೋಹಿತರು ಗಡಿಯಾರ ನೋಡಿ ಮುಹೂರ್ತ ಮೀರುತ್ತದೆ ಅಂದರು. ಆಗ ಹೆಣ್ಣಿನ ಕಡೆ ಒಂದು ಪಿಸುಮಾತು ಎದ್ದಿತು. ಮಾವನವರು ಬೂಟು ಬಿಟ್ಟು ನೆಟ್ಟಗೆ ನಿಂತರು.

"ನಿಜ ಹೇಳಪ್ಪ. ಕಾಲಲ್ಲಿ ಏನಾದ್ರೂ ಐಬಿದೆಯಾ? ನಮ್ಮಿಂದ ಮುಚ್ಚಿಟ್ರಾ? ಹಾಗಿದ್ರೆ ಈಗಲೇ ನಿಲ್ಲಿಸ್ಬುಡೋಣ."

ನಾನು ಯಜಮಾನರ ಕಡೆ ನೋಡಿದೆ. ಯಜಮಾನರು ಅಡುಗೆಯವರ ಚಾಕು ತರಿಸಿ, ತಾವು ಕೊಟ್ಟ ಬೂಟನ್ನು ತಾವೇ ಸೀಳಿದರು. ಕೆಂಪಗೆ ಊದಿ ಗುಳ್ಳೆ ಎದ್ದ ಎರಡು ಪಾದ ಹೊರಗೆ ಬಂದವು. ಚಪ್ಪರದಲ್ಲಿ ಎಲ್ಲರೂ ಬಗ್ಗಿ ನೋಡಿದರು. ಹುಡುಗಿಯ ಅಜ್ಜಿ ಹತ್ತಿರ ಬಂದು ಕೂತು, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ತನ್ನ ಮಗ, ಅಂದರೆ ನಮ್ಮ ಮಾವನವರ ಕಡೆ ತಿರುಗಿದಳು.

"ಐಬೇನೂ ಇಲ್ಲ, ಕಾಲು ನೆಟ್ಟಗವೆ. ಕಾಸಿ ಎಲ್ಲಿ ಬಂತು, ಇವನಿಗೆ ಬೀದಿ ತುದೀನೂ ಮುಟ್ಟಕ್ಕಾಗನಿಲ್ಲ. ಎಣ್ಣು ಕೊಡು ಕಣ್ಲಾ, ಇಂತವನು ಮನೆ ಬುಟ್ಟು ಎಲ್ಲೂ ಓಗಕ್ಕಿಲ್ಲ."